ಬಾಯಿಬಿಟ್ಟವನ ಸಾವು: ‘ದಿ ಸೊಪ್ರಾನೋಸ್’ ಧಾರಾವಾಹಿಯ ‘ಕಾಲೇಜ್’ ಸಂಚಿಕೆಯಲ್ಲಿ ತಪ್ಪೊಪ್ಪಿಗೆಯ ನೆಲೆಗಳು

ನ್ಯೂಜೆರ್ಸಿಯ ಮಾಫಿಯಾ ಕುಟುಂಬವೊಂದರ ಕಥೆ ಹೇಳುವ ‘ದಿ ಸೊಪ್ರಾನೋಸ್’ 1999ರಿಂದ 2007ರವರೆಗೆ ಎಚ್‌ಬಿಒ ವಾಹಿನಿಯಲ್ಲಿ 86 ಸಂಚಿಕೆಗಳಾಗಿ ಪ್ರಸಾರವಾಯಿತು. ಅದರ ಐದನೆಯ ಸಂಚಿಕೆ ‘ಕಾಲೇಜ್’. 1999ರ ಫೆಬ್ರುವರಿ 7ರಂದು ತೆರೆಕಂಡ ಈ ಸಂಚಿಕೆಯನ್ನು ಜೇಮ್ಸ್ ಮನೋಸ್ ಜೂನಿಯರ್ ಮತ್ತು ಡೇವಿಡ್ ಚೇಸ್ ಬರೆದರು, ಅಲೆನ್ ಕೋಲ್ಟರ್ ನಿರ್ದೇಶಿಸಿದರು. ಬರವಣಿಗೆಗೆ ಆ ವರ್ಷದ ಎಮ್ಮಿ ಪ್ರಶಸ್ತಿಯೂ ಬಂತು. ಅಂದಿನಿಂದ ಇದರ ಬಗ್ಗೆ ನಡೆದಿರುವ ಚರ್ಚೆಯೆಲ್ಲ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆದಿದೆ: ಕಥಾನಾಯಕನೇ ತನ್ನ ಕೈಯಾರೆ ಒಬ್ಬನನ್ನು ಕತ್ತು ಬಿಗಿದು ಕೊಂದ ಮೇಲೂ ಪ್ರೇಕ್ಷಕ ಅವನ ಜೊತೆಗಿರುತ್ತಾನೆಯೇ? ಪ್ರಶ್ನೆ ಸಣ್ಣದಲ್ಲ. ಆದರೆ ಸಂಚಿಕೆಯ ಕಟ್ಟಡ ನಿಂತಿರುವುದು ಕೊಲೆಯ ಮೇಲಲ್ಲ, ತಪ್ಪೊಪ್ಪಿಗೆಯ ಮೇಲೆ ಎಂಬುದು ಈ ಲೇಖನದ ವಾದ. ಇಲ್ಲಿ ಯಾರು ಯಾರ ಮುಂದೆ ಎಷ್ಟು ಬಾಯಿಬಿಡುತ್ತಾರೆ, ಬಿಟ್ಟಿದ್ದಕ್ಕೆ ಯಾವ ಬೆಲೆ ತೆರುತ್ತಾರೆ ಎಂಬ ಲೆಕ್ಕದೊಳಗೆ ಕೊಲೆಯೂ ಒಂದು ಬಾಬತ್ತು.

ಕಥೆ ಎರಡು ಕಡೆ ನಡೆಯುತ್ತದೆ. ಟೋನಿ ಸೊಪ್ರಾನೋ ಮಗಳು ಮೆಡೋಳನ್ನು ಕರೆದುಕೊಂಡು ಮೇನ್ ರಾಜ್ಯದ ಬೇಟ್ಸ್, ಕೋಲ್ಬಿ, ಬೌಡನ್ ಕಾಲೇಜುಗಳನ್ನು ನೋಡಲು ಹೊರಟಿದ್ದಾನೆ. ದಾರಿಯಲ್ಲಿ ಪೆಟ್ರೋಲ್ ಬಂಕ್ ಒಂದರಲ್ಲಿ ಪರಿಚಿತ ಮುಖವೊಂದು ಕಣ್ಣಿಗೆ ಬೀಳುತ್ತದೆ. ಅದು ಫೇಬಿಯನ್ ಪೆಟ್ರೂಲಿಯೊ. ಹಿಂದೆ ಗುಂಪಿನಲ್ಲಿದ್ದು ಪೊಲೀಸರಿಗೆ ಎಲ್ಲ ಹೇಳಿ, ಈಗ ಫ್ರೆಡ್ ಪೀಟರ್ಸ್ ಎಂಬ ಹೆಸರಿನಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುತ್ತಿರುವವನು. ಇತ್ತ ಮನೆಯಲ್ಲಿ ಜ್ವರದಿಂದ ಮಲಗಿರುವ ಹೆಂಡತಿ ಕಾರ್ಮೆಲಾಳನ್ನು ನೋಡಲು ಫಾದರ್ ಫಿಲ್ ಬರುತ್ತಾನೆ. ಹೊರಗೆ ಜಡಿಮಳೆ, ಒಳಗೆ ಊಟ, ವೈನ್, ಸಿನಿಮಾ. ಗುರು ರಾತ್ರಿಯೆಲ್ಲ ಅಲ್ಲೇ ಉಳಿಯುತ್ತಾನೆ.

ಮೊದಲ ನಿವೇದನೆ ಕಾರಿನಲ್ಲಿ. ನೀನು ಮಾಫಿಯಾದವನೇ ಎಂದು ಮಗಳು ನೇರವಾಗಿ ಕೇಳುತ್ತಾಳೆ. ಟೋನಿ ಮೊದಲು ರೇಗುತ್ತಾನೆ, ಮಾಫಿಯಾ ಎಂಬುದೇ ಇಲ್ಲ ಎನ್ನುತ್ತಾನೆ. ಬಳಿಕ ಸ್ವಲ್ಪ ಇಳಿದು, ತನ್ನ ಸಂಪಾದನೆಯಲ್ಲಿ ಒಂದಿಷ್ಟು ಅಕ್ರಮ ಜೂಜು ಮುಂತಾದವುಗಳಿಂದ ಬರುತ್ತದೆ ಎಂದು ಒಪ್ಪಿಕೊಳ್ಳುತ್ತಾನೆ. ಅಪ್ಪ ಅಷ್ಟು ಕೊಟ್ಟ ಮೇಲೆ, ಪರೀಕ್ಷೆಗೆ ಓದಲು ತಾನು ಉತ್ತೇಜಕ ಮಾದಕವಸ್ತು ಸೇವಿಸಿದ್ದನ್ನು ಮಗಳೂ ಹೇಳಿಬಿಡುತ್ತಾಳೆ. ಇಬ್ಬರಿಗೂ ಹಗುರವೆನಿಸುತ್ತದೆ. ಜೇಮ್ಸ್ ಗ್ಯಾಂಡೊಲ್ಫಿನಿ ಮತ್ತು ಜೇಮಿ-ಲಿನ್ ಸಿಗ್ಲರ್ ಅವರ ಮುಖಗಳಲ್ಲಿ ಇಲ್ಲಿ ಕಾಣುವ ಸಲಿಗೆ ನಿಜವಾದದ್ದು. ಅದನ್ನು ಬರೀ ನಾಟಕವೆಂದು ತಳ್ಳಿಹಾಕುವ ಓದನ್ನು ನಾನು ಒಪ್ಪಲಾರೆ. ಅಪ್ಪ ಹೇಳಿದ್ದು ಸುಳ್ಳಲ್ಲ; ಹೇಳದೆ ಉಳಿಸಿಕೊಂಡದ್ದು ಬಹಳ, ಅಷ್ಟೇ.

ಈ ಮಾತುಕತೆಯನ್ನು 1972ರ ‘ದಿ ಗಾಡ್‌ಫಾದರ್’ ಚಿತ್ರದ ಕೊನೆಯ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಹೆಂಡತಿ ಕೇ ಕೇಳಿದ ಪ್ರಶ್ನೆಗೆ ಮೈಕೆಲ್ ಕಾರ್ಲಿಯೋನೆ ಒಂದೇ ಮಾತಿನಲ್ಲಿ ಇಲ್ಲವೆನ್ನುತ್ತಾನೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಕುಟುಂಬ ಒಂದು ಕಡೆ, ದಂಧೆ ಇನ್ನೊಂದು ಕಡೆ. ಚೇಸ್ ಆ ಬಾಗಿಲನ್ನು ಅರ್ಧ ತೆರೆದಿಡುತ್ತಾರೆ. ಪೂರ್ತಿ ಸುಳ್ಳು ಕೇಳಿದ ಕೇ ಮೋಸಹೋದವಳು, ಅರ್ಧ ನಿಜ ಕೇಳಿಸಿಕೊಂಡ ಮೆಡೋ ಪಾಲುದಾರಳು. ಮರುದಿನ ಅಪ್ಪನ ಕೈಮೇಲಿನ ಗಾಯ, ಬೂಟಿಗೆ ಮೆತ್ತಿದ ಕೆಸರು ನೋಡಿ ಅವಳು ಮತ್ತೆ ಕೇಳುತ್ತಾಳೆ. ಅವನು ಏನೋ ನೆಪ ಹೇಳುತ್ತಾನೆ. ಅವಳು ನಂಬುವುದಿಲ್ಲ, ಹೆಚ್ಚು ಕೆದಕುವುದೂ ಇಲ್ಲ.

ಕಾರ್ಮೆಲಾಳ ಪಾಪನಿವೇದನೆ ಇದಕ್ಕಿಂತ ಆಳಕ್ಕಿಳಿಯುತ್ತದೆ. ಸುಖಕ್ಕಾಗಿ ಸರಿಯಾದದ್ದನ್ನು ಬಿಟ್ಟೆ, ಕೆಡುಕನ್ನು ಮನೆಯೊಳಗೆ ಬಿಟ್ಟುಕೊಂಡೆ, ಮಕ್ಕಳನ್ನೂ ಅದರ ನಡುವೆ ಬೆಳೆಸಿದೆ ಎಂದು ಅವಳು ಅಳುತ್ತಾಳೆ. ಈಡೀ ಫಾಲ್ಕೊ ಅವರ ಅಭಿನಯದಲ್ಲಿ ಈ ಅಳು ಅವಳನ್ನೇ ಅಚ್ಚರಿಗೊಳಿಸುವಂತಿದೆ. ಬಳಿಕ ಗುರು ಅದೇ ಕೋಣೆಯಲ್ಲಿ ಪರಮಪ್ರಸಾದ ಕೊಡುತ್ತಾನೆ. ಬಲಿಪೀಠವಿಲ್ಲ, ಸಭೆಯಿಲ್ಲ, ಇಬ್ಬರೇ ಇದ್ದಾರೆ, ಪಕ್ಕದಲ್ಲಿ ಸೋಫಾ, ಊಟದ ತಟ್ಟೆ. ಕ್ಯಾಮೆರಾ ಮುಖಗಳಿಗೆ ಹತ್ತಿರವಾಗಿಯೇ ನಿಲ್ಲುತ್ತದೆ. ಭಕ್ತಿಗೂ ಬಯಕೆಗೂ ನಡುವಿನ ಗೆರೆ ಆ ನಿಕಟತೆಯಲ್ಲಿ ಮಸುಕಾಗುತ್ತದೆ. ಮುಂದೆ ಇಬ್ಬರೂ ಮುತ್ತಿನ ಅಂಚಿಗೆ ಬಂದಾಗ ಫಾದರ್ ಫಿಲ್ ವಾಂತಿ ಮಾಡಲು ಓಡುತ್ತಾನೆ. ಕಾರ್ಮೆಲಾಗೆ ಪಾಪಕ್ಷಮೆಯ ಸಮಾಧಾನ ಸಿಕ್ಕಿತು, ಬದುಕು ಬದಲಿಸುವ ಹೊರೆ ಮಾತ್ರ ಹೆಗಲೇರಲಿಲ್ಲ. ಬೆಳಗಾದಾಗ ಆ ಮನೆ, ಆ ಹಣ, ಆ ಗಂಡ ಎಲ್ಲ ಇದ್ದಲ್ಲೇ ಇವೆ.

ಈಗ ಪೆಟ್ರೂಲಿಯೊ. ಸಂಚಿಕೆಯಲ್ಲಿ ಪ್ರಭುತ್ವದ ಮುಂದೆ ಎಲ್ಲವನ್ನೂ ಹೇಳಿದವನು ಇವನೊಬ್ಬನೇ. ಇದಕ್ಕೊಂದು ಇತಿಹಾಸವಿದೆ. ಜೋಸೆಫ್ ವಲಾಚಿ ಎಂಬಾತ 1963ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕೂತು, ತನ್ನ ಸಂಘಟನೆಯ ಇರವನ್ನು ಬಹಿರಂಗವಾಗಿ ಒಪ್ಪಿಕೊಂಡ. ಬೆರಳು ಚುಚ್ಚಿ ರಕ್ತ ತೆಗೆದು, ಕೈಯಲ್ಲಿ ಕಾಗದ ಉರಿಸಿ ಪ್ರಮಾಣ ಮಾಡಿಸುವ ದೀಕ್ಷಾವಿಧಿಯನ್ನೂ ವಿವರಿಸಿದ. 1970ರ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ ಇಂಥ ಸಾಕ್ಷಿಗಳಿಗೆ ರಕ್ಷಣೆ ಕೊಡಲು ಸರ್ಕಾರಕ್ಕೆ ಅಧಿಕಾರ ನೀಡಿತು. ಹೊಸ ಹೆಸರು, ಹೊಸ ಊರು ಕೊಟ್ಟು ಬದುಕಿಸುವ ಯೋಜನೆಯನ್ನು ಫೆಡರಲ್ ಮಾರ್ಷಲ್‌ಗಳು ನಡೆಸುತ್ತ ಬಂದಿದ್ದಾರೆ. ಒಮೆರ್ತಾ ಎಂಬ ಮೌನವ್ರತಕ್ಕೆ ಬಿದ್ದ ದೊಡ್ಡ ಪೆಟ್ಟು ಇದು. ರಕ್ತ, ಬೆಂಕಿ, ಪ್ರಮಾಣಗಳ ಆ ವಿಧಿ ಧಾರ್ಮಿಕ ಸಂಸ್ಕಾರದ ಅಣಕು ನೆರಳು ಎಂಬುದನ್ನು ನೆನಪಿಟ್ಟುಕೊಂಡರೆ ಸಂಚಿಕೆಯ ಎರಡು ಎಳೆಗಳು ತಾವಾಗಿಯೇ ಹೆಣೆದುಕೊಳ್ಳುತ್ತವೆ. ಒಂದು ಸಂಸ್ಕಾರದಲ್ಲಿ ಬಾಯಿಬಿಟ್ಟರೆ ಕ್ಷಮೆ, ಇನ್ನೊಂದರಲ್ಲಿ ಬಾಯಿಬಿಟ್ಟರೆ ಮರಣ.

ಆ ಮರಣವನ್ನು ಕೋಲ್ಟರ್ ಚಿತ್ರಿಸಿದ ರೀತಿ ಗಮನಾರ್ಹ. ಮಗಳು ಕೋಲ್ಬಿಯಲ್ಲಿ ಸಂದರ್ಶನಕ್ಕೆ ಕೂತಿದ್ದಾಳೆ. ಅಪ್ಪ ಹಾಡಹಗಲಲ್ಲಿ, ಟ್ರಾವೆಲ್ ಏಜೆನ್ಸಿಯ ಹೊರಗೆ, ಹಿಂದಿನಿಂದ ಬಂದು ತಂತಿ ಬಿಗಿಯುತ್ತಾನೆ. ‘ಗಾಡ್‌ಫಾದರ್’ ಚಿತ್ರದ ದೀಕ್ಷಾಸ್ನಾನದ ದೃಶ್ಯದಲ್ಲಿ ಇಗರ್ಜಿಯ ಆರ್ಗನ್ ನಾದದ ಮೇಲೆ ಕೊಲೆಗಳು ಚಕಚಕನೆ ಮುಗಿಯುತ್ತವೆ, ಮೈಕೆಲ್‌ನ ಕೈಗೆ ಕಲೆ ಅಂಟುವುದಿಲ್ಲ. ಇಲ್ಲಿ ಅಂಥ ವೇಗದ ಜೋಡಣೆಯಿಲ್ಲ. ಕೊಲೆ ಎಳೆಯುತ್ತದೆ. ಸಾಯುವವನ ಉಸಿರು, ಕೊಲ್ಲುವವನ ಏದುಸಿರು ಎರಡೂ ಕೇಳಿಸುತ್ತವೆ, ತಂತಿ ಕೊಂದವನ ಅಂಗೈಯನ್ನೂ ಕೊಯ್ಯುತ್ತದೆ. ನೀನು ಪ್ರಮಾಣ ಮುರಿದೆ ಎಂದು ಟೋನಿ ಹಲ್ಲುಕಚ್ಚಿ ಹೇಳುವಾಗ ಅವನ ಮುಖದಲ್ಲಿ ಕರ್ತವ್ಯಕ್ಕಿಂತ ಹೆಚ್ಚಾಗಿ ಹಿಗ್ಗು ಕಾಣುತ್ತದೆ. ಸಂಚಿಕೆಯ ಅತ್ಯಂತ ಕಠೋರ ಸತ್ಯ ಆ ಹಿಗ್ಗಿನಲ್ಲಿದೆ ಎಂದು ನನಗನ್ನಿಸುತ್ತದೆ.

ವಾಹಿನಿ ಹಿಂಜರಿದದ್ದೂ ಇಲ್ಲೇ. ಎಚ್‌ಬಿಒದ ಕ್ರಿಸ್ ಆಲ್ಬ್ರೆಕ್ಟ್ ಈ ಕೊಲೆಯಿಂದ ಪ್ರೇಕ್ಷಕರು ನಾಯಕನನ್ನು ಕೈಬಿಡುತ್ತಾರೆಂದು ಆತಂಕಪಟ್ಟರು. ಟೋನಿ ಆ ದ್ರೋಹಿಯನ್ನು ಕೊಲ್ಲದಿದ್ದರೆ ಪಾತ್ರವೇ ಸುಳ್ಳಾಗುತ್ತದೆ, ಆಗ ಪ್ರೇಕ್ಷಕರು ನಿಜವಾಗಿ ಹೋಗುತ್ತಾರೆ ಎಂಬುದು ಚೇಸ್ ಅವರ ನಿಲುವು. ಕೊನೆಗೆ ರಾಜಿಯಾಗಿ, ಪೆಟ್ರೂಲಿಯೊ ಇನ್ನೂ ಮಾದಕವಸ್ತು ಮಾರುತ್ತಿದ್ದಾನೆ, ಟೋನಿಯನ್ನು ಕೊಲ್ಲಿಸಲು ಇಬ್ಬರು ವ್ಯಸನಿಗಳಿಗೆ ಹಣದ ಆಸೆ ತೋರಿಸುತ್ತಾನೆ ಎಂಬ ವಿವರ ಸೇರಿತು. ಈ ರಾಜಿ ಸಂಚಿಕೆಗೆ ಹಾನಿಯನ್ನೇ ಮಾಡಿದೆ. ಬಲಿಯಾದವನಿಗೆ ಹೊಸ ಪಾಪ ಹೊರಿಸಿ ಕೊಂದವನ ಭಾರ ಇಳಿಸುವುದು, 1934ರಿಂದ 1968ರವರೆಗೆ ಹಾಲಿವುಡ್ಡನ್ನು ಆಳಿದ ನಿರ್ಮಾಣ ಸಂಹಿತೆಯ ನೈತಿಕ ತಕ್ಕಡಿಯನ್ನೇ ಹಿಂಬಾಗಿಲಿನಿಂದ ಒಳತಂದಂತೆ. ಜಾಹೀರಾತಿನ ಹಂಗಿಲ್ಲದ, ಚಂದಾದಾರರ ಹಣದಿಂದ ನಡೆಯುವ ವಾಹಿನಿಯೂ ಅದರಿಂದ ಪೂರ್ತಿ ಬಿಡಿಸಿಕೊಂಡಿರಲಿಲ್ಲ. ಪೆಟ್ರೂಲಿಯೊ ಬರೀ ಹೆಂಡತಿ ಮಗುವಿನೊಂದಿಗೆ ಬದುಕುತ್ತಿದ್ದ ಸಾಮಾನ್ಯನಾಗಿಯೇ ಸತ್ತಿದ್ದರೆ, ಅವನು ಸತ್ತದ್ದು ಹೇಳಿದ ಮಾತಿಗಾಗಿ ಎಂಬುದು ಇನ್ನಷ್ಟು ಬೆತ್ತಲಾಗಿ ಕಾಣುತ್ತಿತ್ತು.

ಕೊಲೆಯ ಬಳಿಕ ಟೋನಿ ಬೌಡನ್ ಕಾಲೇಜಿನ ಪಡಸಾಲೆಯಲ್ಲಿ ಕಾಯುತ್ತ ಕೂತಾಗ, ಅಲ್ಲಿ 1825ರಲ್ಲಿ ಪದವಿ ಪಡೆದ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್‌ನ ವಾಕ್ಯವೊಂದು ಗೋಡೆಯ ಮೇಲೆ ಕಾಣುತ್ತದೆ. ತನಗೊಂದು ಮುಖ, ಲೋಕಕ್ಕೊಂದು ಮುಖ ಇಟ್ಟುಕೊಂಡವನ ಗೊಂದಲವನ್ನು ಕುರಿತ ಮಾತು ಅದು. ವಿಮರ್ಶಕರು ಇದನ್ನು ಸಂಚಿಕೆಯ ಕೀಲಿಕೈ ಎಂಬಂತೆ ಬಳಸುತ್ತಾರೆ. ನನಗೆ ಅದು ತುಸು ಬೇಕಾಗಿ ಇಟ್ಟಂತೆ ತೋರುತ್ತದೆ, ಯಾಕೆಂದರೆ ಟೋನಿಗೆ ಗೊಂದಲವಿಲ್ಲ. ಯಾವ ಮುಖ ಯಾರಿಗೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಎದೆ ಬಿಗಿಯುತ್ತದೆ ಎಂಬುದಕ್ಕೇ ಅವನು ಮೊದಲ ಸಂಚಿಕೆಯಿಂದ ಮನೋವೈದ್ಯೆ ಜೆನಿಫರ್ ಮೆಲ್ಫಿಯ ಬಳಿ ಹೋಗುತ್ತಿರುವುದು.

ಆ ವೈದ್ಯೆಯಿಂದಲೇ ಕೊನೆಯ ಲೆಕ್ಕ ಚುಕ್ತಾ ಆಗುತ್ತದೆ. ಮನೆಗೆ ಬಂದ ಟೋನಿ, ಗುರು ರಾತ್ರಿ ಉಳಿದಿದ್ದನೆಂದು ಕೇಳಿ ಹೆಂಡತಿಯನ್ನು ಕೆಣಕಲು ಮೊದಲು ಮಾಡುತ್ತಾನೆ. ಮೆಲ್ಫಿಯ ಫೋನು ಬಂದಿತ್ತೆಂದು ಕಾರ್ಮೆಲಾ ಹೇಳುತ್ತಾಳೆ. ಚಿಕಿತ್ಸೆಗೆ ಹೋಗುವುದನ್ನು ಅವನು ಅವಳಿಗೆ ತಿಳಿಸಿದ್ದ, ವೈದ್ಯರು ಹೆಂಗಸು ಎಂಬುದನ್ನು ತಿಳಿಸಿರಲಿಲ್ಲ. ಮಗಳ ಮುಂದೆ ಆಡಿದ ಅರ್ಧ ನಿಜದ ಆಟವನ್ನೇ ಹೆಂಡತಿಯ ಮುಂದೆಯೂ ಆಡಿದ್ದ. ಎಲ್ಲವನ್ನೂ ಗುರುವಿಗೆ ಹೇಳಿಕೊಂಡು ಮುಗಿಸಿರುವ ಕಾರ್ಮೆಲಾ ಈಗ ಪ್ರಶ್ನೆ ಕೇಳುವ ಕಡೆ ನಿಂತಿದ್ದಾಳೆ, ಪೆಟ್ರೂಲಿಯೊನನ್ನು ಕೊಂದು ಬಂದವನು ಸಮಜಾಯಿಷಿ ಹುಡುಕುತ್ತಿದ್ದಾನೆ.