ತಿದ್ದಿದ ಸಾಕ್ಷ್ಯ: 'ಫ್ರಾಂಕೆನ್‌ಸ್ಟೈನ್' ಕಾದಂಬರಿಯಲ್ಲಿ ಸೃಷ್ಟಿಕರ್ತನ ಹೊಣೆ

ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' ಕುರಿತ ಚರ್ಚೆ ಹೆಚ್ಚಾಗಿ ಪ್ರಯೋಗಶಾಲೆಯ ಸುತ್ತಲೇ ಸುಳಿಯುತ್ತದೆ: ಮನುಷ್ಯ ಜೀವಸೃಷ್ಟಿಗೆ ಕೈಹಾಕಿದ್ದೇ ಅಪರಾಧವೆ? ಕೃತಿಯ ನೈತಿಕ ತಿರುಳು ಇರುವುದು ಜಿನೀವಾದ ನ್ಯಾಯಾಲಯದಲ್ಲಿ ಎಂದು ನನಗನ್ನಿಸುತ್ತದೆ. ಪುಟ್ಟ ತಮ್ಮ ವಿಲಿಯಂನನ್ನು ಕೊಂದದ್ದು ತಾನು ಹುಟ್ಟಿಸಿ ತೊರೆದ ಜೀವಿಯೇ ಎಂಬುದು ಕಥಾನಾಯಕ ವಿಕ್ಟರನಿಗೆ ಮನದಟ್ಟಾಗಿದೆ. ಆರೋಪ ಬಿದ್ದಿರುವುದು ಮನೆಗೆಲಸದ ಜಸ್ಟೀನ್ ಮೇಲೆ. ಹೇಳಿದರೆ ಹುಚ್ಚನೆಂದಾರೆಂದು ಅವನು ಬಾಯಿಬಿಡುವುದಿಲ್ಲ. ಪಾದ್ರಿಯ ಬೆದರಿಕೆಗೆ ಮಣಿದ ಅವಳು ಮಾಡದ ಕೊಲೆಯನ್ನು ಒಪ್ಪಿಕೊಂಡು ಪ್ರಾಣ ಕಳೆದುಕೊಳ್ಳುತ್ತಾಳೆ. ಅವಳ ಯಾತನೆಗಿಂತ ತನ್ನದೇ ಹಿರಿದು ಎನ್ನುವಷ್ಟು ಧೈರ್ಯ ವಿಕ್ಟರನಿಗಿದೆ! ಮುಂದೆ ಹೆಂಡತಿ ಎಲಿಜಬೆತ್ ಕೊಲೆಯಾದ ಮೇಲೆ ಇದೇ ನಂಬಲಾಗದ ಕಥೆಯನ್ನು ನ್ಯಾಯಾಧಿಕಾರಿಯೊಬ್ಬನ ಮುಂದೆ ಹೇಳುತ್ತಾನೆ. ಆಗ ಅವನಿಗೆ ಬೇಕಾದದ್ದು ಸೇಡು. ಪಾಪಪ್ರಜ್ಞೆಯಲ್ಲಿ ಮುಳುಗಿದವನು ಹೊಣೆ ಹೊರಲೇಬೇಕೆಂದಿಲ್ಲ.

ಕಾದಂಬರಿ 1818ರ ಜನವರಿ 1ರಂದು ಲಂಡನ್ನಿನಲ್ಲಿ, ಲೇಖಕಿಯ ಹೆಸರಿಲ್ಲದೆ, ಮೂರು ಸಂಪುಟಗಳಲ್ಲಿ ಹೊರಬಂತು. ಅಚ್ಚಾದದ್ದು 500 ಪ್ರತಿ. ಶೀರ್ಷಿಕೆ ಪುಟದಲ್ಲಿದ್ದ ಮಿಲ್ಟನ್ನನ ಸಾಲುಗಳಲ್ಲಿ ಆಡಮ್ ತನ್ನನ್ನು ಸೃಷ್ಟಿಸಿದವನನ್ನೇ ಪ್ರಶ್ನಿಸುತ್ತಾನೆ. ಒಳಗೂ ಹಾಗೆಯೇ: ಆಲ್ಪ್ಸ್‌ನ ಹಿಮನದಿಯ ಮೇಲೆ ಜೀವಿ ಫಿರ್ಯಾದಿಯಾಗಿ ನಿಂತು, ನಿನ್ನ ಕರ್ತವ್ಯವನ್ನು ನೀನು ಮಾಡು, ನನ್ನದನ್ನು ನಾನು ಮಾಡುತ್ತೇನೆ ಎಂದು ವಾದಿಸುತ್ತದೆ. ಪರರ ಮನೆಯ ಮಾತನ್ನು ಕದ್ದು ಕೇಳಿ ಭಾಷೆ ಕಲಿತು, ಪ್ಲುಟಾರ್ಕ್ ಮತ್ತು ಮಿಲ್ಟನ್ನರನ್ನು ಓದಿದ ಜೀವಿ ಅದು.

ಆ ಬಾಯಿಯನ್ನು ಮೊದಲು ಕಟ್ಟಿದ್ದು ರಂಗಭೂಮಿ. 1823ರಲ್ಲಿ ರಿಚರ್ಡ್ ಬ್ರಿನ್ಸ್‌ಲಿ ಪೀಕ್ ಬರೆದ ನಾಟಕದಲ್ಲಿ ಜೀವಿಗೆ ಮಾತಿಲ್ಲ. 1931ರ ಜೇಮ್ಸ್ ವೇಲ್ ಚಿತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅದರ ತಲೆಯೊಳಗೆ ಅಪರಾಧಿಯೊಬ್ಬನ ಮಿದುಳನ್ನಿಟ್ಟಿತು. ಕೇಡಿನ ಮೂಲ ಮಿದುಳೇ ಆದಾಗ ತೊರೆದವನ ತಪ್ಪು ಹಗುರವಾಗುತ್ತದೆ.

ಇವೆರಡರ ನಡುವೆ ಬಂದದ್ದು 1831ರ ಪರಿಷ್ಕೃತ ಆವೃತ್ತಿ. ವಿಧಿಯ ಮಾತು 1818ರ ಪಾಠದಲ್ಲೂ ಇತ್ತು. ಇಲ್ಲಿ ಅದು ದಟ್ಟವಾಯಿತು. ಪ್ರಾಧ್ಯಾಪಕ ವಾಲ್ಡ್‌ಮನ್‌ನ ಉಪನ್ಯಾಸವನ್ನು ವಿಕ್ಟರ್ ಈಗ ವಿಧಿಯ ನುಡಿಯೆಂದೇ ಕರೆಯುತ್ತಾನೆ. ತನ್ನ ನಾಶ ಮೊದಲೇ ನಿಶ್ಚಯವಾಗಿತ್ತು ಎನ್ನುತ್ತಾನೆ. ಇದರಲ್ಲಿ ಲೇಖಕಿಯ ಬದಲಾದ ನಂಬಿಕೆಯನ್ನೇ ವಿಮರ್ಶಕಿ ಆನ್ ಮೆಲರ್ ಕಂಡಿದ್ದಾರೆ. ಅದಕ್ಕೆ ಆಧಾರವಿಲ್ಲದಿಲ್ಲ: 1818 ಮತ್ತು 1819ರಲ್ಲಿ ಮೇರಿ ಇಬ್ಬರು ಮಕ್ಕಳನ್ನು ಕಳೆದುಕೊಂಡಿದ್ದಳು, 1822ರಲ್ಲಿ ಗಂಡ ಪರ್ಸಿ ಕಡಲಲ್ಲಿ ಮುಳುಗಿ ಸತ್ತಿದ್ದ.

ಆದರೂ ಈ ಓದನ್ನು ನಾನು ಪೂರ್ತಿ ಒಪ್ಪಲಾರೆ. ವಿಧಿಯನ್ನು ದೂರುವ ಆ ಮಾತುಗಳೆಲ್ಲ ವಿಕ್ಟರನ ಬಾಯಿಂದ ಬರುವಂಥವು, ಕೇಳಿ ಬರೆದುಕೊಳ್ಳುತ್ತಿರುವವನು ನಾವಿಕ ವಾಲ್ಟನ್. ಎರಡೂ ಪಾಠಗಳಲ್ಲಿರುವ ಒಂದು ಸಣ್ಣ ವಿವರಕ್ಕೆ ಇಲ್ಲಿ ತೂಕವಿದೆ: ವಾಲ್ಟನ್ ಟಿಪ್ಪಣಿ ಮಾಡಿಕೊಳ್ಳುತ್ತಿರುವುದು ತಿಳಿದಾಗ ವಿಕ್ಟರ್ ಅದನ್ನು ತರಿಸಿಕೊಂಡು ಹಲವೆಡೆ ತಾನೇ ತಿದ್ದಿ ಬೆಳೆಸುತ್ತಾನೆ. ಆರೋಪಿಯೇ ಪರಿಷ್ಕರಿಸಿದ ಹೇಳಿಕೆಯಲ್ಲಿ ವಿಧಿಯ ಪಾತ್ರ ಹಿಗ್ಗಿದರೆ, ಅದು ಲೇಖಕಿಯ ತತ್ತ್ವವೂ ಇರಬಹುದು, ಆರೋಪಿಯ ನೆಪವೂ ಇರಬಹುದು. ಸಾವಿನ ಹಾಸಿಗೆಯಲ್ಲೂ ಅವನು ಹಿಂದಿನದನ್ನೆಲ್ಲ ತೂಗಿ ನೋಡಿ ತನ್ನ ನಡತೆಯಲ್ಲಿ ದೋಷವಿಲ್ಲವೆಂದೇ ತೀರ್ಮಾನಿಸುತ್ತಾನೆ.

ಹಿಮನದಿಯ ಮೇಲಿನ ವಾದವೂ ಈ ತಿದ್ದುಪಡಿಯ ಕೈಯಿಂದಲೇ ನಮಗೆ ತಲುಪಿದೆ. ವಿಕ್ಟರನ ಶವದ ಪಕ್ಕದಲ್ಲಿ ನಿಂತು ಜೀವಿ ವಾಲ್ಟನ್‌ಗೆ ಹೇಳುವ ಮಾತೊಂದೇ ಇದಕ್ಕೆ ಹೊರತು. ಅಲ್ಲಿ ಅದು ತನ್ನ ಕೊಲೆಗಳನ್ನು ಒಂದೊಂದಾಗಿ ಒಪ್ಪಿಕೊಳ್ಳುತ್ತದೆ, ವಿಧಿಯ ಹಿಂದೆ ಅಡಗುವುದಿಲ್ಲ. ಎಲ್ಲರೂ ನನಗೆಸಗಿದ ಅನ್ಯಾಯಕ್ಕೆ ಅಪರಾಧಿ ನಾನೊಬ್ಬನೇ ಏಕೆ ಎಂದೂ ಕೇಳುತ್ತದೆ.