ಸಿಂಗಲ್ ಗ್ರೇಡ್ ಎಂಜಿನ್ ಆಯಿಲ್ ಬದಲಿಸುವುದೇ ಬೇಡವೇ? ಟಾಪ್‌ಅಪ್ ಮಾಡಿದರೆ ಸಾಕೇ?

"ಸಿಂಗಲ್ ಗ್ರೇಡ್ ಆಯಿಲ್ ಕೆಡುವುದಿಲ್ಲ, ಕಡಿಮೆಯಾದಷ್ಟು ಸುರಿಯುತ್ತಾ ಹೋದರೆ ಸಾಕು." ಡೀಸೆಲ್ ಪಂಪ್‌ಸೆಟ್, ಹಳೆಯ ಜನರೇಟರ್ ಇಟ್ಟುಕೊಂಡವರ ಕಿವಿಗೆ ಈ ಮಾತು ಒಂದಲ್ಲ ಒಂದು ಸಲ ಬಿದ್ದಿರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ನಂಬಿದರೆ ಆಯಿಲ್‌ನ ದುಡ್ಡು ಉಳಿಸಲು ಹೋಗಿ ಎಂಜಿನ್ ಬಿಚ್ಚಿಸಿ ಬೋರ್ ಮಾಡಿಸುವ ಖರ್ಚು ತಲೆಗೆ ಬರಬಹುದು.

ಮೊದಲು ನಿಜವಾದ ಅರ್ಧ. ಡಬ್ಬಿಯ ಮೇಲೆ ಎಸ್‌ಎಇ 30, ಎಸ್‌ಎಇ 40 ಎಂದು ಒಂದೇ ಸಂಖ್ಯೆ ಇದ್ದರೆ ಅದು ಸಿಂಗಲ್ ಗ್ರೇಡ್. 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಣ್ಣೆ ಎಷ್ಟು ಮಂದವಾಗಿರುತ್ತದೆ ಎಂಬುದರ ಅಳತೆ ಅದು. 15ಡಬ್ಲ್ಯು-40 ಎಂದು ಎರಡು ಸಂಖ್ಯೆ ಇದ್ದರೆ ಮಲ್ಟಿಗ್ರೇಡ್. ಚಳಿಯಲ್ಲೂ ಹರಿಯಬೇಕು, ಬಿಸಿಯಲ್ಲೂ ತೀರಾ ತೆಳುವಾಗಬಾರದು ಎಂದು ಇದಕ್ಕೆ ಸಾಮಾನ್ಯವಾಗಿ ಪಾಲಿಮರ್ ಬೆರೆಸುತ್ತಾರೆ. ಎಂಜಿನ್ ಓಡಿದಂತೆಲ್ಲ ಈ ಪಾಲಿಮರ್‌ನ ಉದ್ದನೆಯ ಎಳೆಗಳು ತುಂಡಾಗಿ ಎಣ್ಣೆ ತೆಳುವಾಗುತ್ತದೆ. ಸಿಂಗಲ್ ಗ್ರೇಡ್‌ನಲ್ಲಿ ಸಾಮಾನ್ಯವಾಗಿ ಪಾಲಿಮರ್ ಇರುವುದಿಲ್ಲ, ಹಾಗಾಗಿ ಆ ತೊಂದರೆಯೂ ಇಲ್ಲ.

ಆದರೆ ಎಣ್ಣೆ ಕೆಡಲು ಅದೊಂದೇ ದಾರಿಯಲ್ಲ. ಬಿಸಿಯಲ್ಲಿ ಗಾಳಿಯ ಆಮ್ಲಜನಕ ಸೇರಿ ಎಣ್ಣೆ ಕ್ರಮೇಣ ಗಟ್ಟಿಯಾಗುತ್ತದೆ. ಇಂಧನ ಉರಿದಾಗ ಹುಟ್ಟುವ ಆಮ್ಲ, ಮಸಿ, ನೀರಿನ ಹಬೆ ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದು ಎಣ್ಣೆಗೇ ಸೇರುತ್ತವೆ. ಆಮ್ಲವನ್ನು ಮುರಿಯುವ, ಮಸಿಯನ್ನು ಹಿಡಿದಿಡುವ ರಾಸಾಯನಿಕಗಳನ್ನು ಎಣ್ಣೆಯಲ್ಲಿ ಬೆರೆಸಿರುತ್ತಾರೆ. ಅವು ಕೆಲಸ ಮಾಡುತ್ತಾ ಮಾಡುತ್ತಾ ಖಾಲಿಯಾಗುತ್ತವೆ. ಇದೆಲ್ಲ ಸಿಂಗಲ್ ಗ್ರೇಡ್‌ಗೂ ತಪ್ಪಿದ್ದಲ್ಲ. ಟಾಪ್‌ಅಪ್ ಮಾಡಿದಾಗ ಸ್ವಲ್ಪ ಹೊಸ ರಾಸಾಯನಿಕ ಸೇರುವುದು ನಿಜ. ಆದರೆ ಹಳೆಯ ಕೊಳೆ ಎಲ್ಲಿಗೂ ಹೋಗುವುದಿಲ್ಲ. ಮುಸುರೆ ನೀರಿಗೆ ಒಂದು ಚೊಂಬು ಒಳ್ಳೆಯ ನೀರು ಸುರಿದ ಹಾಗೆ.

ಇದಕ್ಕೆ ವಿರುದ್ಧವಾದ ಇನ್ನೊಂದು ನಂಬಿಕೆಯೂ ಇದೆ: ಆಯಿಲ್ ಕಪ್ಪಾದರೆ ಕೆಟ್ಟಿತು ಎಂದರ್ಥ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೆಲವೇ ಗಂಟೆಗಳಲ್ಲಿ ಕಪ್ಪಾಗಬಹುದು. ಮಸಿಯನ್ನು ಒಂದೆಡೆ ಕೂರಲು ಬಿಡದೆ ತನ್ನಲ್ಲೇ ತೇಲಿಸಿಕೊಳ್ಳುವುದು ಅದರ ಕೆಲಸ. ಬಣ್ಣಕ್ಕಿಂತ ಬೇರೆ ಲಕ್ಷಣಗಳನ್ನು ನೋಡಿ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ತಾನಾಗಿ ಏರಿದ್ದರೆ ಇಂಧನವೋ ನೀರೋ ಬೆರೆಯುತ್ತಿರಬಹುದು. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆ. ಇಂಥ ಹೊತ್ತಿನಲ್ಲಿ ದಿನ ಲೆಕ್ಕ ಹಾಕುತ್ತಾ ಕೂರಬೇಡಿ, ಎಂಜಿನ್ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ.

ಹಾಗಾದರೆ ಎಷ್ಟು ಗಂಟೆಗೆ ಬದಲಿಸಬೇಕು? ಅದನ್ನು ಹೇಳಬೇಕಾದದ್ದು ಎಂಜಿನ್ನಿನ ಕೈಪಿಡಿ, ಆಯಿಲ್‌ನ ಗ್ರೇಡ್ ಅಲ್ಲ. ಹೋಂಡಾ ಜಿಎಕ್ಸ್ ಸರಣಿಯ ಸಣ್ಣ ಪೆಟ್ರೋಲ್ ಎಂಜಿನ್‌ಗಳಿಗೆ ಮೊದಲ ಬದಲಾವಣೆ 20 ಗಂಟೆ ಅಥವಾ ಒಂದು ತಿಂಗಳಿಗೆ, ಆಮೇಲೆ ಪ್ರತಿ 100 ಗಂಟೆ ಅಥವಾ ಆರು ತಿಂಗಳಿಗೆ, ಯಾವುದು ಮೊದಲೋ ಆಗ. ಟ್ರ್ಯಾಕ್ಟರ್‌ಗಳ ಹಲವು ಕೈಪಿಡಿಗಳಲ್ಲಿ ಕಾಣುವುದು 250 ಗಂಟೆ. ಕೇಳಲು ದೊಡ್ಡ ಸಂಖ್ಯೆ, ಆದರೆ ದಿನಕ್ಕೆ 4 ಗಂಟೆ ಓಡಿಸಿದರೆ ಎರಡೇ ತಿಂಗಳಲ್ಲಿ ಮುಗಿಯುತ್ತದೆ. ಪಂಪ್‌ಸೆಟ್‌ನಲ್ಲಿ ಗಂಟೆ ತೋರಿಸುವ ಮೀಟರ್ ಇಲ್ಲದಿದ್ದರೆ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದಿಟ್ಟರೂ ಸಾಕು. ದೂಳಿನಲ್ಲಿ ದುಡಿಯುವ ಎಂಜಿನ್‌ಗೆ ಇನ್ನೂ ಬೇಗ ಬದಲಿಸಬೇಕು.

ಅಂಗಡಿಯಲ್ಲಿ ಕೊಳ್ಳುವಾಗ ಎಸ್‌ಎಇ ಸಂಖ್ಯೆಯೊಂದನ್ನೇ ನೋಡಿ ತರಬೇಡಿ, ಪಕ್ಕದಲ್ಲಿರುವ ಎಪಿಐ ಅಕ್ಷರಗಳನ್ನೂ ಕೈಪಿಡಿಯ ಜೊತೆ ತಾಳೆ ನೋಡಿ. ಎಪಿಐ ಎಸ್‌ಎ ಎಂಬ ದರ್ಜೆಯ ಎಣ್ಣೆಯಲ್ಲಿ ಮೇಲೆ ಹೇಳಿದ ರಾಸಾಯನಿಕಗಳೇ ಇರುವುದಿಲ್ಲ. 1930ರ ನಂತರದ ಬಹುತೇಕ ಪೆಟ್ರೋಲ್ ವಾಹನಗಳಿಗೇ ಅದು ಆಗಿಬರುವುದಿಲ್ಲ. ಮಲ್ಟಿಗ್ರೇಡ್ ಕೇಳುವ ಕಾರು, ಬೈಕ್‌ಗೆ ಅಗ್ಗವೆಂದು ಸಿಂಗಲ್ ಗ್ರೇಡ್ ಹಾಕುವುದೂ ಬೇಡ.

ಬದಲಿಸುವ ಮುನ್ನ ಎಂಜಿನ್ ಹತ್ತು ನಿಮಿಷ ಓಡಿಸಿ. ಬೆಚ್ಚಗಿನ ಎಣ್ಣೆ ಕೊಳೆಯನ್ನೂ ಹೊತ್ತು ಇಳಿಯುತ್ತದೆ, ಕೈ ಸುಟ್ಟುಕೊಳ್ಳದಂತೆ ಜೋಪಾನ. ಇಳಿಸಿದ ಎಣ್ಣೆಯನ್ನು ಬಾವಿ, ಕಾಲುವೆ ಹತ್ತಿರ ಚೆಲ್ಲಬೇಡಿ. ನಮ್ಮ ದೇಶದ 2016ರ ನಿಯಮಗಳಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಡಬ್ಬಿಯಲ್ಲಿ ತುಂಬಿಟ್ಟು, ಹಳೆ ಆಯಿಲ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಸರ್ವೀಸ್ ಸ್ಟೇಷನ್‌ಗೆ ಕೊಡಿ.