ಬಜ್ಪೆಯಿಂದ ಬೆಂಗಳೂರಿಗೆ ಎಷ್ಟು ದೂರ?

ಊರಿಗೆ ಹೊರಟಾಗಲೆಲ್ಲ ಈ ಪ್ರಶ್ನೆ ನನ್ನ ತಲೆ ತಿನ್ನುತ್ತದೆ. ಬಸ್ಸಿನವರನ್ನು ಕೇಳಿದರೆ ಸುಮಾರು 350 ಕಿಲೋಮೀಟರ್, ಒಂದು ರಾತ್ರಿ ಅನ್ನುತ್ತಾರೆ. ಆದರೆ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ನೋಡಿ. ಬಜ್ಪೆ ಮತ್ತು ಬೆಂಗಳೂರಿನ ಹಳೆಯ ಎಚ್ಎಎಲ್ ನಿಲ್ದಾಣ ಎರಡೂ 13 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ಕೂದಲೆಳೆಯಷ್ಟು ಕೆಳಗಿವೆ. ಅಂದರೆ ನೆಟ್ಟಗೆ ಪೂರ್ವಕ್ಕೆ ಒಂದು ಗೆರೆ ಎಳೆದರಾಯಿತು, ಸುಮಾರು 300 ಕಿಲೋಮೀಟರ್. ವ್ಯತ್ಯಾಸ ಇಷ್ಟೇ! ಮತ್ತೆ ರಾತ್ರಿಯೆಲ್ಲ ಎಲ್ಲಿ ಹೋಯಿತು? ಘಟ್ಟ ನುಂಗಿತು.

ಬಜ್ಪೆ ನಿಲ್ದಾಣ ಶುರುವಾಗಿದ್ದು 1951ರ ಡಿಸೆಂಬರ್ 25ರಂದು. ನೆಹರೂ ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಬಂದಿಳಿದಿದ್ದರು. ಆಗ ಹಾಸನ-ಮಂಗಳೂರು ರೈಲೂ ಇರಲಿಲ್ಲ, ಅದು ಬಂದಿದ್ದು 1979ರಲ್ಲಿ. ಗುಡ್ಡದ ನೆತ್ತಿ ಸಮ ಮಾಡಿ ಹಾಕಿದ ಹಳೆಯ ರನ್‌ವೇ ಸುಮಾರು 1,600 ಮೀಟರ್, ಆಮೇಲೆ ಕಣಿವೆ. 1981ರ ಆಗಸ್ಟಿನಲ್ಲಿ ಒಂದು ಆವ್ರೋ ವಿಮಾನ ರನ್‌ವೇ ದಾಟಿ ಹೋಗಿ ನಿಂತಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂತು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಅದರಿಂದಲೂ ಜಾರಿ ಕಣಿವೆಗೆ ಬಿತ್ತು, 158 ಜನ ಹೋದರು. ಆ ದಿನದ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ.

ಈಗ ಸಮಯದ ಲೆಕ್ಕ. ಡಿಸಿ-3 ಗಂಟೆಗೆ 300 ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ ವೇಗದಲ್ಲಿ ಸಾಗುವ ವಿಮಾನ. ಎಟಿಆರ್ 500ರ ಹತ್ತಿರ ಹೋಗುತ್ತದೆ, ಬೋಯಿಂಗ್ 737 ಎಂಟುನೂರರ ಮೇಲೆ. ಹಾಗಾದರೆ ಜೆಟ್ಟಿನಲ್ಲಿ ಇಪ್ಪತ್ತೈದು ನಿಮಿಷ ಸಾಕಲ್ಲ ಅಂತೀರಾ? ಸಾಲದು. ಟಿಕೆಟಿನ ಮೇಲೆ ಇರುವುದು ಒಂದು ಗಂಟೆಯ ಆಸುಪಾಸೇ. ಇಷ್ಟು ಸಣ್ಣ ದೂರದಲ್ಲಿ ಜೆಟ್ ಮೇಲೇರಿ ಪೂರ್ತಿ ವೇಗ ಹಿಡಿಯುವುದರೊಳಗೆ ಇಳಿಯಲು ಶುರು ಮಾಡಬೇಕು. ನೆಲದ ಮೇಲೆ ಉರುಳುವುದು, ಸರದಿ ಕಾಯುವುದು ಬೇರೆ.

ನಾನು ಈ ದಾರಿಯಲ್ಲಿ ಮೊದಲು ಹಾರಿದ್ದು 2007ರ ಜುಲೈಯಲ್ಲಿ. ಅಜ್ಜನಿಗೆ ಜೋರು ಅಂತ ಊರಿಂದ ಫೋನ್ ಬಂದಿತ್ತು. ಶಿರಾಡಿಯಲ್ಲಿ ಬಸ್ಸುಗಳು ಸಾಲುಗಟ್ಟಿ ನಿಂತಿದ್ದವು. ಹಳಿ ಬದಲಾವಣೆಗೆಂದು ತೊಂಬತ್ತರ ದಶಕದಲ್ಲಿ ನಿಂತ ಪ್ರಯಾಣಿಕರ ರೈಲು ಮತ್ತೆ ಓಡಿದ್ದು ಆ ವರ್ಷದ ಡಿಸೆಂಬರಿನಲ್ಲಿ. ಸಾಲ ಮಾಡಿ ಟಿಕೆಟ್ ತಗೊಂಡೆ. ಮನೆಯಿಂದ ಎಚ್ಎಎಲ್‌ಗೆ ಆಟೋದಲ್ಲಿ ಅರ್ಧ ಗಂಟೆ. ಕಿಟಕಿಯಿಂದ ಘಟ್ಟ ಕಾಣಲೇ ಇಲ್ಲ, ಬರೀ ಬಿಳಿ ಮೋಡ. ಬಜ್ಪೆಯ ಮೇಲೆ ಮಳೆ ಬಿಡಲಿ ಅಂತ ಎರಡು ಸುತ್ತು ಹೊಡೆದು ಇಳಿಸಿದರು. ಸಂಜೆಯೊಳಗೆ ಅಜ್ಜನ ಮಂಚದ ಹತ್ತಿರ ಇದ್ದೆ. "ಯಾವ ಬಸ್ಸಿಗೆ ಬಂದದ್ದು ಮಗಾ?" ಅಂತ ಕೇಳಿದರು. ವಿಮಾನ ಅಂದರೆ ದುಡ್ಡಿನ ಚಿಂತೆ ಮಾಡುತ್ತಾರೆಂದು ರಾತ್ರಿ ಬಸ್ಸು ಅಂದೆ.

2008ರ ಮೇ 24ರಂದು ಬೆಂಗಳೂರಿನ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಆಕಾಶದಲ್ಲಿ ಹೆಚ್ಚಾದ ದೂರ ಐದಾರು ಕಿಲೋಮೀಟರ್ ಅಷ್ಟೇ. ನೆಲದ ಮೇಲೆ? ಊರ ನಡುವಿನಿಂದ ಸುಮಾರು 35 ಕಿಲೋಮೀಟರ್, ಅದರ ಮೇಲೆ ಹೆಬ್ಬಾಳದ ಟ್ರಾಫಿಕ್. ಈಗ ಮನೆ ಬಿಟ್ಟು ವಿಮಾನದ ಬಾಗಿಲು ಮುಟ್ಟಲು ನನಗೆ ಮೂರು ಗಂಟೆ ಬೇಕು. ಅಷ್ಟರಲ್ಲಿ ಬಸ್ಸು ಹಾಸನ ತಲುಪಿರುತ್ತದೆ.